1970ರ ಎಂಜಿಬಿಗೆ ಫ್ಯಾಕ್ಟರಿಯಿಂದ ಬಂದ ಎಮಿಷನ್ ಸಾಮಾನು ಯಾವ್ಯಾವುದು? ಗೊತ್ತಿರುವವರು ಹೇಳಿ

ಶಾಂತಾ_ಕೌಲ್‌ಬಜಾರ್ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಉದ್ದ ಇದೆ. ದಯವಿಟ್ಟು ಪೂರ್ತಿ ಓದಿ ಉತ್ತರ ಕೊಡಿ.

ನನ್ನ ಹತ್ತಿರ ಒಂದು ಎಂಜಿಬಿ ಇದೆ, ಇಂಗ್ಲೆಂಡಿನ ಎಂಜಿ ಕಂಪನಿಯ ಹಳೇ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಬಟ್ಟೆ ಟಾಪ್, ಸ್ಟೀರಿಂಗ್ ಎಡಗಡೆ. 1798 ಸಿಸಿ ಇಂಜಿನ್, ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್ (ಕಾರ್ಬ್). ನಮ್ಮ ದೊಡ್ಡಪ್ಪ ಸಂಡೂರು ಕಡೆ ಗಣಿಯಲ್ಲಿ ಇಂಜಿನಿಯರ್ ಆಗಿದ್ದರು. ಮದ್ರಾಸಿನಲ್ಲಿ ಕೆಲಸಕ್ಕಿದ್ದ ಒಬ್ಬ ವಿದೇಶಿಯರು ಊರಿಗೆ ವಾಪಸ್ ಹೋಗುವಾಗ ಬಿಟ್ಟುಹೋದ ಕಾರು ಇದು. ಎಂಬತ್ತರ ದಶಕದಲ್ಲಿ ದೊಡ್ಡಪ್ಪ ಕೊಂಡು ತಂದರು, ಇಲ್ಲೇ ರಿಜಿಸ್ಟರ್ ಮಾಡಿಸಿದರು. ಅವರು ತೀರಿಕೊಂಡ ಮೇಲೆ ದೊಡ್ಡಮ್ಮ, "ಮಷೀನು ಬಿಚ್ಚೋದು ನಿನಗೇ ಇಷ್ಟ, ನೀನೇ ಇಟ್ಕೊಳಮ್ಮ" ಅಂತ ಕೀ ಕೊಟ್ಟರು. ನಾನು ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ನಡೆಸುತ್ತೇನೆ. ಯೂನಿಟ್ ಹಿಂದಿನ ಶೆಡ್ಡಿನಲ್ಲಿ ಕಾರು ನಿಂತಿದೆ. ಭಾನುವಾರ ಮಷೀನು ಬಂದ್ ಇದ್ದಾಗ ನಾನು, ನಮ್ಮ ಮೇಸ್ತ್ರಿ ಸೇರಿ ಕೆಲಸ ಮಾಡುತ್ತೇವೆ.

ಚಾಸಿ ಪ್ಲೇಟಿನ ಮೇಲೆ ಜಿಎಚ್‌ಎನ್5ಯುಎ ಅಂತ ಶುರುವಾಗುತ್ತದೆ. ಯು ಅಂದರೆ ಅಮೆರಿಕದ ಮಾರುಕಟ್ಟೆ, ಎ ಅಂದರೆ 1970ರ ಮಾಡೆಲ್ ಅಂತ ತಿಳಿದುಕೊಂಡಿದ್ದೇನೆ. ಹಿಂದಿನ ಬಂಪರ್ ಎರಡು ತುಂಡು, ನಡುವೆ ನಂಬರ್ ಪ್ಲೇಟ್. ಅದೂ 1970ಕ್ಕೆ ಸರಿಹೋಗುತ್ತದೆ. ತೊಂದರೆ ಇರುವುದು ಇಂಜಿನ್ನಿನಲ್ಲಿ. ಬ್ಲಾಕಿನ ಬಲಗಡೆ ಇರಬೇಕಾದ ಇಂಜಿನ್ ನಂಬರಿನ ತಗಡು ಇಲ್ಲ. ರಿವೆಟ್ ತೂತು ಮಾತ್ರ ಉಳಿದಿವೆ.

ಅಮೆರಿಕಕ್ಕೆ ಹೋದ ಕಾರಾದ್ದರಿಂದ ಎಮಿಷನ್ ಸಾಮಾನು, ಅಂದರೆ ಹೊಗೆ, ಆವಿ ಕಡಿಮೆ ಮಾಡುವ ಭಾಗಗಳು, ಇರಲೇಬೇಕಿತ್ತು. ಈಗ ಏರ್ ಪಂಪ್ ಇಲ್ಲ. ಆದರೆ ವಾಟರ್ ಪಂಪ್ ಪುಲ್ಲಿಗೆ ಎರಡು ಗ್ರೂವ್ ಇವೆ, ಬೆಲ್ಟ್ ಮಾತ್ರ ಒಂದೇ. ಸಿಲಿಂಡರ್ ಹೆಡ್ಡಿನಲ್ಲಿ ನಾಲ್ಕು ತೂತುಗಳಿಗೆ ಬೋಲ್ಟ್ ತಿರುಗಿಸಿ ಮುಚ್ಚಿದ್ದಾರೆ. ಮೂರು ಅಚ್ಚುಕಟ್ಟಾಗಿವೆ, ನಾಲ್ಕನೆಯದು ಯಾವುದೋ ಲಾರಿ ಬೋಲ್ಟ್ ಥರ ಕಾಣುತ್ತದೆ. ಇನ್‌ಲೆಟ್ ಮ್ಯಾನಿಫೋಲ್ಡಿನಲ್ಲಿ ಒಂದು ವ್ಯಾಕ್ಯೂಮ್ ಪೈಪಿಗೆ ರಬ್ಬರ್ ಬಿರಡೆ ಹಾಕಿದ್ದಾರೆ. ಮುಂದಿನ ಕಾರ್ಬ್ ಮೇಲೆ ಎಯುಡಿ 326 ಅಂತ ಸಣ್ಣ ಬಿಲ್ಲೆ ಇದೆ, ಹಿಂದಿನದಕ್ಕೆ ಬಿಲ್ಲೆಯೇ ಇಲ್ಲ. ಪೆಟ್ರೋಲ್ ಟ್ಯಾಂಕ್ ಬಳ್ಳಾರಿಯಲ್ಲೇ ಟಿಂಕರ್ ಹತ್ತಿರ ತಗಡಿನಲ್ಲಿ ಹೊಸದಾಗಿ ಮಾಡಿಸಿದ್ದು. ಕ್ಯಾಪ್ ಹಳೆಯದು, ಅದರ ನಡುವೆ ಡ್ರಿಲ್ಲಿನಿಂದ ಕೊರೆದ ಸಣ್ಣ ತೂತಿದೆ.

ಸಾಮಾನು ಮಾರುವವರನ್ನು ಕೇಳಿದರೆ ಒಂದು ದೊಡ್ಡ ಚಿತ್ರ ಕಳಿಸುತ್ತಾರೆ. ಪಂಪ್, ಗಲ್ಪ್ ವಾಲ್ವ್, ಇಜಿಆರ್, ಇದ್ದಿಲು ತುಂಬಿದ ಕ್ಯಾನಿಸ್ಟರ್, ಎಲ್ಲ ಒಂದೇ ಚಿತ್ರದಲ್ಲಿ. "ಎಲ್ಲಾ ಹಾಕಿದ್ರೆ ಒರಿಜಿನಲ್ ಆಗುತ್ತೆ" ಅನ್ನುತ್ತಾರೆ. ನನಗೆ ನಂಬಿಕೆ ಬರುತ್ತಿಲ್ಲ. ಅಮೆರಿಕದ ನಿಯಮ ವರ್ಷವರ್ಷ ಬದಲಾಗುತ್ತಿತ್ತು ಅಂತ ಓದಿದ್ದೇನೆ. ಹಾಗಿದ್ದರೆ ಎಲ್ಲ ವರ್ಷದ ಸಾಮಾನು ಒಂದೇ ಕಾರಿನಲ್ಲಿ ಹೇಗಿರುತ್ತದೆ? ಈ ಕಾರು ಇಂಗ್ಲೆಂಡಿನ ಅಬಿಂಗ್ಡನ್ ಫ್ಯಾಕ್ಟರಿ ಗೇಟಿನಿಂದ ಹೊರಗೆ ಬಂದ ದಿನ ಇದರ ಮೇಲೆ ಏನಿತ್ತೋ ಅಷ್ಟೇ ನನಗೆ ಬೇಕು. ಒಂದು ಪೈಪ್ ಕಡಿಮೆಯೂ ಬೇಡ, ಒಂದು ಜಾಸ್ತಿಯೂ ಬೇಡ.

ಸ್ಪ್ಯಾನರ್_ಗಿಣಿಗೇರಾ (ಕೊಪ್ಪಳ)

ಶಾಂತಕ್ಕಾ, ನಮಸ್ಕಾರ. ನಿಮ್ಮ ಅನುಮಾನ ಸರಿಯಾಗಿದೆ. ಆ ದೊಡ್ಡ ಚಿತ್ರ ನಂಬಬೇಡಿ. ಅದು ಹಲವು ವರ್ಷದ ಸಾಮಾನು ಸೇರಿಸಿ ಬರೆದದ್ದು.

ಮೊದಲು ಬೇಡದ್ದನ್ನು ತೆಗೆದುಬಿಡೋಣ. ಇಜಿಆರ್, ಅಂದರೆ ಸುಟ್ಟ ಹೊಗೆಯನ್ನು ಸ್ವಲ್ಪ ಮತ್ತೆ ಇಂಜಿನ್ನಿಗೆ ಕೊಡುವುದು, 1973ಕ್ಕಿಂತ ಮೊದಲು ಈ ಕಾರಿಗೆ ಇರಲಿಲ್ಲ. ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್ 1975ರ ಕ್ಯಾಲಿಫೋರ್ನಿಯಾ ಕಾರುಗಳಿಂದ ಶುರುವಾಯಿತು. ಆ ವರ್ಷ ಎರಡು ಎಸ್‌ಯು ತೆಗೆದು ಒಂದೇ ಜೆನಿತ್ ಸ್ಟ್ರಾಂಬರ್ಗ್ ಕಾರ್ಬ್ ಹಾಕಿದರು. ಇವೆರಡೂ ನಿಮ್ಮ ಕಾರಿಗೆ ಸಂಬಂಧ ಇಲ್ಲ.

ಏರ್ ಪಂಪ್ ಖಂಡಿತ ಇತ್ತು. 1968ರ ಮಾಡೆಲ್‌ನಿಂದ ಅಮೆರಿಕಕ್ಕೆ ಹೋದ ಎಂಜಿಬಿಗಳಿಗೆಲ್ಲ ಅದು ಬಂತು. ನಿಮ್ಮ ಪುಲ್ಲಿಯ ಖಾಲಿ ಗ್ರೂವ್ ಅದರದ್ದೇ. ಹೆಡ್ಡಿನ ನಾಲ್ಕು ತೂತುಗಳೂ ಅದರದ್ದೇ. ಪಂಪ್ ಊದಿದ ಗಾಳಿ ಒಂದು ಪೈಪಿನಿಂದ ನಾಲ್ಕು ಕವಲಾಗಿ ಒಂದೊಂದು ಎಕ್ಸಾಸ್ಟ್ ವಾಲ್ವಿನ ಹಿಂದೆ ಹೋಗುತ್ತದೆ. ಅರೆಬರೆ ಸುಟ್ಟ ಪೆಟ್ರೋಲ್ ಅಲ್ಲಿ ಪೂರ್ತಿ ಸುಡುತ್ತದೆ. ಬಿಸಿ ಹೊಗೆ ಪಂಪಿನ ಕಡೆ ವಾಪಸ್ ಬರದ ಹಾಗೆ ನಡುವೆ ಚೆಕ್ ವಾಲ್ವ್ ಇರುತ್ತದೆ. ರಬ್ಬರ್ ಬಿರಡೆ ಹಾಕಿದ ಮ್ಯಾನಿಫೋಲ್ಡ್ ಪೈಪ್ ಗಲ್ಪ್ ವಾಲ್ವಿನದ್ದು ಇರಬೇಕು. ಆಕ್ಸಿಲರೇಟರಿನಿಂದ ಕಾಲು ತಟ್ಟನೆ ತೆಗೆದಾಗ ಮ್ಯಾನಿಫೋಲ್ಡಿನಲ್ಲಿ ಪೆಟ್ರೋಲ್ ಜಾಸ್ತಿ ಆಗುತ್ತದೆ. ಆ ಒಂದು ಕ್ಷಣ ಗಲ್ಪ್ ವಾಲ್ವ್ ತೆರೆದು ಗಾಳಿ ಒಳಗೆ ಬಿಡುತ್ತದೆ. ಇಲ್ಲದಿದ್ದರೆ ಸೈಲೆನ್ಸರಿನಲ್ಲಿ ಢಂ ಅನ್ನುತ್ತೆ. ಪಂಪ್ ಹಾಕಿ ಇದನ್ನು ಬಿಟ್ಟರೆ ತೋರಣಗಲ್ಲಿನ ಜನ ಎಲ್ಲಾ ತಿರುಗಿ ನೋಡ್ತಾರೆ.

ಎಯುಡಿ 326 ಬಿಲ್ಲೆ 1970ಕ್ಕೆ ಹೊಂದುತ್ತದೆ. 1968, 69ರ ಅಮೆರಿಕ ಕಾರಿಗೆ 265, 1971ಕ್ಕೆ 465. 1972ರಲ್ಲಿ ಕಾರ್ಬ್‌ನ ಜಾತಿಯೇ ಬದಲಾಯಿತು, ಎಚ್‌ಎಸ್4 ಹೋಗಿ ಎಚ್‌ಐಎಫ್4 ಬಂತು. ಏರ್ ಫಿಲ್ಟರ್ ತೆಗೆದು ಕಾರ್ಬ್ ಬಾಯೊಳಗೆ ಟಾರ್ಚ್ ಬಿಡಿ. ಥ್ರಾಟಲ್ ತಟ್ಟೆಯ ಮೇಲೆ ಸ್ಪ್ರಿಂಗ್ ಇರುವ ಪುಟ್ಟ ವಾಲ್ವ್ ಕಂಡರೆ ಅದು ಅಮೆರಿಕದ ತಟ್ಟೆ. ಬಿಲ್ಲೆ ಇಲ್ಲದ ಹಿಂದಿನ ಕಾರ್ಬಿಗೂ ಇದ್ದರೆ ಎರಡೂ ಜೊತೆಯವೇ ಇರಬಹುದು.

ಇನ್ನು ಉಳಿಯುವುದು ಕ್ಯಾನಿಸ್ಟರ್. ಇದೇ ನಿಮ್ಮ ನಿಜವಾದ ಪ್ರಶ್ನೆ. ಟ್ಯಾಂಕ್ ಮತ್ತು ಕಾರ್ಬ್‌ನಿಂದ ಏಳುವ ಪೆಟ್ರೋಲ್ ಆವಿ ಹೊರಗೆ ಹೋಗಬಾರದು ಅಂತ 1970ರಲ್ಲಿ ಕ್ಯಾಲಿಫೋರ್ನಿಯಾ ಒಂದೇ ನಿಯಮ ಮಾಡಿತು. ಉಳಿದ ರಾಜ್ಯಗಳಿಗೆ ಅದು ಬಂದದ್ದು 1971ಕ್ಕೆ. ಹಾಗಾಗಿ 1970ರ ಅಮೆರಿಕ ಎಂಜಿಬಿಯಲ್ಲಿ ಎರಡು ಥರ ಇವೆ. ಇಂಜಿನ್ ನಂಬರ್ 18ಜಿಎಚ್ ಅಂತ ಶುರುವಾದರೆ ಕ್ಯಾನಿಸ್ಟರ್ ಇಲ್ಲ. 18ಜಿಜೆ ಆಗಿದ್ದರೆ ಕ್ಯಾನಿಸ್ಟರ್ ಇರುವ ಕ್ಯಾಲಿಫೋರ್ನಿಯಾ ಕಾರು. 18ಜಿಕೆ 1971ರದ್ದು. ನಿಮ್ಮ ತಗಡು ಹೋಗಿದೆ. ಆದ್ದರಿಂದ ಬಾಡಿಯನ್ನೇ ಕೇಳಬೇಕು.

ಆ ಕ್ಯಾಪ್‌ನ ತೂತಿನ ಬಗ್ಗೆ ಒಂದು ಮಾತು. ತೂತು ಕೊರೆಯುವ ಅಗತ್ಯ ಯಾಕೆ ಬಂತು ಅಂತ ಯೋಚನೆ ಮಾಡಿ. ಮಾಮೂಲಿ ಕ್ಯಾಪ್‌ಗೆ ಗಾಳಿ ಹೋಗುವ ದಾರಿ ಮೊದಲೇ ಇರುತ್ತದೆ. ಕ್ಯಾನಿಸ್ಟರ್ ಇರುವ ಕಾರಿನ ಕ್ಯಾಪ್ ಮಾತ್ರ ಪೂರ್ತಿ ಸೀಲ್. ಅದರ ಟ್ಯಾಂಕಿಗೆ ಗಾಳಿ ಬರುವುದು ಕ್ಯಾನಿಸ್ಟರ್ ತಳದ ಫಿಲ್ಟರ್ ಮೂಲಕ. ಆ ಫಿಲ್ಟರ್ ನಿಮ್ಮ ಕಡೆಯ ಕೆಂಪು ಧೂಳಿನಿಂದ ಕಟ್ಟಿಕೊಂಡರೆ ಟ್ಯಾಂಕಿನಲ್ಲಿ ವ್ಯಾಕ್ಯೂಮ್ ಆಗುತ್ತೆ, ಪೆಟ್ರೋಲ್ ಮುಂದೆ ಬರಲ್ಲ, ಗಾಡಿ ನಿಲ್ಲುತ್ತೆ. ಯಾರೋ ಮೆಕ್ಯಾನಿಕ್ ಸುಲಭದ ದಾರಿ ಹಿಡಿದು ಕ್ಯಾಪ್ ಕೊರೆದಿದ್ದಾರೆ ಅನಿಸುತ್ತದೆ. ಇದು ನನ್ನ ಊಹೆ. ಖಚಿತ ಮಾಡಿಕೊಳ್ಳಲು ಡಿಕ್ಕಿಯ ಬಲಗಡೆ ಮೂಲೆ ನೋಡಿ. ಆವಿ ಬೇರೆ ಮಾಡುವ ಪುಟ್ಟ ಡಬ್ಬಿ ಅಲ್ಲಿ ಕೂರುತ್ತಿತ್ತು. ಕೆಳಗೆ ಪೆಟ್ರೋಲ್ ಪೈಪಿನ ಜೊತೆಗೆ ಇನ್ನೊಂದು ಪೈಪ್ ಓಡಿದೆಯಾ ನೋಡಿ. ಇಂಜಿನ್ ಮೇಲಿನ ಮುಚ್ಚಳದಲ್ಲಿ, ಅಂದರೆ ರಾಕರ್ ಕವರಿನಲ್ಲಿ, ಸಣ್ಣ ಪೈಪ್ ಇದೆಯಾ, ಆಯಿಲ್ ಹಾಕುವ ಕ್ಯಾಪ್ ಸೀಲ್ ಇದೆಯಾ ಅದನ್ನೂ ನೋಡಿ. ಕ್ಯಾನಿಸ್ಟರ್ ಇಲ್ಲದ ಕಾರಿನಲ್ಲಿ ಇಂಜಿನ್ನಿನ ಹೊಟ್ಟೆಗೆ (ಕ್ರ್ಯಾಂಕ್‌ಕೇಸಿಗೆ) ಗಾಳಿ ಹೋಗುವುದು ಆಯಿಲ್ ಕ್ಯಾಪ್ ಮೂಲಕ. ಇರುವ ಕಾರಿನಲ್ಲಿ ಕ್ಯಾನಿಸ್ಟರ್ ದಾಟಿ ರಾಕರ್ ಕವರ್‌ಗೆ ಬರುತ್ತದೆ. ಇಂಜಿನ್ ಓಡುವಾಗ ಇದ್ದಿಲು ಹಿಡಿದಿಟ್ಟ ಆವಿಯನ್ನೂ ಆ ಗಾಳಿ ಎಳೆದುಕೊಂಡು ಬಂದು ಸುಡುತ್ತದೆ.

ಭತ್ತದ_ಗಾಡಿ (ಸಿರುಗುಪ್ಪ)

ಅಕ್ಕಾ, ನಾನು ಚಿಕ್ಕವನು, ಆದ್ರೂ ಹೇಳ್ತೀನಿ. ಇಷ್ಟೆಲ್ಲ ಯಾಕೆ? ಆ ಪಂಪು, ವಾಲ್ವು ಎಲ್ಲಾ ಇಂಜಿನ್ ಪವರ್ ತಿನ್ನೋ ಸಾಮಾನು. ಅಮೆರಿಕದವರೇ ತೆಗೆದು ಬಿಸಾಕಿದ್ದಾರೆ. ಇಂಗ್ಲೆಂಡಿನ ಕಾರಿಗೆ ಪಂಪ್ ಇರಲೇ ಇಲ್ಲ. ನಾಲ್ಕು ಒಳ್ಳೆ ಬೋಲ್ಟ್ ಹಾಕಿ, ಕಾರ್ಬ್ ಟ್ಯೂನ್ ಮಾಡಿಸಿ, ಹಂಪಿಗೆ ಹೋಗಿ ಬನ್ನಿ. ನಮ್ಮಲ್ಲಿ ಎಮಿಷನ್ ಟೆಸ್ಟಿಗೆ ಇಷ್ಟು ಹಳೇ ಪೆಟ್ರೋಲ್ ಕಾರಿಗೆ ಸಿಒ (ಕಾರ್ಬನ್ ಮೊನಾಕ್ಸೈಡ್) 3 ಪರ್ಸೆಂಟ್, ಹೈಡ್ರೋಕಾರ್ಬನ್ 1500 ಪಿಪಿಎಂ ಒಳಗಿದ್ರೆ ಸಾಕು. ಸರಿಯಾಗಿ ಟ್ಯೂನ್ ಆದ ಎಸ್‌ಯು ಪಂಪ್ ಇಲ್ಲದೇನೇ ಪಾಸಾಗುತ್ತೆ.

ಕೆಮಿಸ್ಟ್ರಿ_ಮೇಷ್ಟ್ರು (ರಾಯಚೂರು)

ಸಿರುಗುಪ್ಪದ ತಮ್ಮಾ, ಟೆಸ್ಟ್ ಪಾಸಾಗುವ ಬಗ್ಗೆ ನೀನು ಹೇಳಿದ ಅಂಕಿ ಸರಿ. ಆದರೆ ಶಾಂತಮ್ಮ ಕೇಳಿದ್ದು ಟೆಸ್ಟ್ ಬಗ್ಗೆ ಅಲ್ಲ. ಅವರು ಕೇಳಿದ್ದು ಕಾರಿನ ಚರಿತ್ರೆ.

ಕ್ಯಾಲಿಫೋರ್ನಿಯಾ ಒಂದೇ ಯಾಕೆ ಯಾವಾಗಲೂ ಒಂದು ಹೆಜ್ಜೆ ಮುಂದೆ ಅಂತ ಸ್ವಲ್ಪ ಹೇಳುತ್ತೇನೆ. ಲಾಸ್ ಏಂಜಲಿಸ್ ಸುತ್ತ ಬೆಟ್ಟ. ಗಾಳಿ ಅಲ್ಲೇ ನಿಲ್ಲುತ್ತದೆ, ಬಿಸಿಲು ಜೋರು. ಕಣ್ಣು ಉರಿಸುವ ಮಬ್ಬು ಎಲ್ಲಿಂದ ಬರುತ್ತದೆ ಅಂತ 1950ರ ಸುಮಾರಿಗೆ ಹಾಗೆನ್-ಸ್ಮಿಟ್ ಅನ್ನುವ ರಸಾಯನ ವಿಜ್ಞಾನಿ ತೋರಿಸಿಕೊಟ್ಟರು. ಸುಡದೆ ಉಳಿದ ಪೆಟ್ರೋಲ್ ಆವಿ ಮತ್ತು ನೈಟ್ರೋಜನ್ ಆಕ್ಸೈಡ್‌ಗಳ ಮೇಲೆ ಬಿಸಿಲು ಬಿದ್ದರೆ ಓಝೋನ್ ಹುಟ್ಟುತ್ತದೆ. ಮುಂದೆ ಆ ರಾಜ್ಯದ ಗಾಳಿ ಮಂಡಳಿಗೆ ಅವರೇ ಮೊದಲ ಅಧ್ಯಕ್ಷರಾದರು. ಆಮೇಲೆ ಒಂದೊಂದೇ ಬಾಗಿಲು ಮುಚ್ಚುತ್ತಾ ಹೋದರು. ಮೊದಲು ಕ್ರ್ಯಾಂಕ್‌ಕೇಸಿನ ಹೊಗೆ. ಆಮೇಲೆ ಸೈಲೆನ್ಸರಿನದ್ದು, ಅಲ್ಲಿ 1966ರಿಂದ, ಇಡೀ ದೇಶಕ್ಕೆ 1968ರಿಂದ. ಆಮೇಲೆ ಟ್ಯಾಂಕಿನ ಆವಿ. ಸಾಮಾನಿನ ವರ್ಷ ನೋಡಿದರೆ ಯಾವ ಬಾಗಿಲು ಯಾವಾಗ ಮುಚ್ಚಿತು ಅಂತ ಗೊತ್ತಾಗುತ್ತದೆ. ನಮ್ಮ ದೇಶದಲ್ಲಿ ಪೆಟ್ರೋಲ್ ಕಾರಿನ ಹೊಗೆಗೆ ಮಿತಿ ಬಂದದ್ದು 1991ರಲ್ಲಿ. ನಾಲ್ಕು ಮಹಾನಗರಗಳ ಹೊಸ ಕಾರಿಗೆ ಕನ್ವರ್ಟರ್ ಬಂದದ್ದು 1995ರಲ್ಲಿ. ಅದಕ್ಕಿಂತ ಎಷ್ಟೋ ಮೊದಲಿನ ಯಂತ್ರ ಬಳ್ಳಾರಿಯ ಶೆಡ್ಡಿನಲ್ಲಿ ನಿಂತಿದೆ ಅಂದರೆ ಅದನ್ನು ಬೋಲ್ಟ್ ಹಾಕಿ ಮುಚ್ಚಬಾರದು. ನನ್ನ ಕಾಲೇಜಿನ ಹುಡುಗರನ್ನು ಕರೆದುಕೊಂಡು ಬಂದು ತೋರಿಸಬೇಕು ಅನಿಸುತ್ತಿದೆ.

ಇನ್ನೊಂದು ವಿಷಯ. ಕ್ಯಾನಿಸ್ಟರ್ ಅಲ್ಲಿಗಿಂತ ನಮ್ಮ ಊರುಗಳಿಗೆ ಜಾಸ್ತಿ ಬೇಕು. ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ 42 ಡಿಗ್ರಿ ಮುಟ್ಟುತ್ತವೆ. ಬಿಸಿಲಲ್ಲಿ ನಿಂತ ಹಳೇ ಕಾರಿನ ಟ್ಯಾಂಕಿನಿಂದ ಎಷ್ಟು ಪೆಟ್ರೋಲ್ ಸುಮ್ನೆ ಗಾಳಿಗೆ ಹೋಗುತ್ತದೆ ಅಂತ ಪಕ್ಕ ನಿಂತರೆ ಮೂಗೇ ಹೇಳುತ್ತದೆ. ಒಳಗಿನ ಇದ್ದಿಲು ಹಳೆಯದಾಗಿದ್ದರೆ ಬದಲಿಸಬಹುದು. ನೀರು ಶುದ್ಧ ಮಾಡಲು ಬಳಸುವ ಆ್ಯಕ್ಟಿವೇಟೆಡ್ ಕಾರ್ಬನ್, ಪುಡಿ ಅಲ್ಲ, ಹರಳು ಹರಳಾಗಿರುವುದು ತೆಗೆದುಕೊಳ್ಳಿ. ಪುಡಿ ಹಾಕಿದರೆ ಇಂಜಿನ್ ಒಳಗೆ ಹೋಗುತ್ತದೆ. ಹಾಗೆಯೇ ಆವಿಯ ಪೈಪ್, ಪೆಟ್ರೋಲ್ ಪೈಪ್ ಎರಡಕ್ಕೂ ಎಥನಾಲ್ ತಡೆಯುವ ರಬ್ಬರ್ ಹಾಕಿಸಿ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಸೇರಿದ ಪೆಟ್ರೋಲ್. 1970ರ ರಬ್ಬರ್ ಅದನ್ನು ತಾಳುವುದಿಲ್ಲ.

ಶಾಂತಾ_ಕೌಲ್‌ಬಜಾರ್ (ಬಳ್ಳಾರಿ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗಿಣಿಗೇರಾ ಅಣ್ಣಾ, ನಿಮ್ಮ ಪೋಸ್ಟನ್ನು ಮೇಸ್ತ್ರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಅರ್ಧಕ್ಕೇ ಎದ್ದು ಟಾರ್ಚ್ ತಂದರು.

ಡಿಕ್ಕಿಯ ಮ್ಯಾಟ್ ತೆಗೆದೆವು. ಬಲಗಡೆ ಮೂಲೆಯಲ್ಲಿ ಸ್ಕ್ರೂ ತೂತುಗಳಿವೆ. ಡಬ್ಬಿ ಇಲ್ಲ. ಆದರೆ ತೂತಿನ ಅಂಚಿನ ಒಳಗೂ ಕಾರಿನ ಹಳೇ ಬಣ್ಣ ಇದೆ. ಆಮೇಲೆ ಯಾರೋ ಕೊರೆದಿದ್ದರೆ ಅಲ್ಲಿ ಬರೀ ತುಕ್ಕು ಇರಬೇಕಿತ್ತು, ಅಲ್ವಾ? ಎಂಜಿಬಿ ಬಾಡಿಗೆ ಇಂಗ್ಲೆಂಡಿನ ಕೌಲಿ ಫ್ಯಾಕ್ಟರಿಯಲ್ಲಿ ಬಣ್ಣ ಹೊಡೆದು ಆಮೇಲೆ ಅಬಿಂಗ್ಡನ್‌ಗೆ ಜೋಡಣೆಗೆ ಕಳಿಸುತ್ತಿದ್ದರು ಅಂತ ಓದಿದ್ದೇನೆ. ಹಾಗಾದರೆ ಬಣ್ಣಕ್ಕಿಂತ ಮೊದಲೇ ಆದ ತೂತು ಅದು. ಬ್ಯಾಟರಿ ಹತ್ತಿರ ಎರಡು ತೂತುಗಳಿವೆ. ಅವುಗಳ ಒಳಗೆ ಬಣ್ಣ ಇಲ್ಲ, ತುಕ್ಕು ಮಾತ್ರ. ಪಕ್ಕಪಕ್ಕ ಇಟ್ಟು ಫೋಟೋ ತೆಗೆದಿದ್ದೇನೆ. ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಕಾರಿನ ಕೆಳಗೆ ಎರಡನೇ ಪೈಪ್ ಇದೆ. ಹಿಂದಿನ ತುದಿ ಕತ್ತರಿಸಿ ಸುತ್ತಿಗೆಯಿಂದ ಚಪ್ಪಟೆ ಮಾಡಿದ್ದಾರೆ. ಮುಂದಿನ ತುದಿ ಇಂಜಿನ್ ರೂಮಿನವರೆಗೂ ಬಂದು ನಿಂತಿದೆ. ಅದು ಏನು ಅಂತ ನಮಗೆ ಯಾವತ್ತೂ ಗೊತ್ತಾಗಿರಲಿಲ್ಲ. ರಾಕರ್ ಕವರಿನಲ್ಲಿ ಪೈಪ್ ಇದೆ, ಅದಕ್ಕೆ ರಬ್ಬರ್ ಹಾಕಿ ತಂತಿ ಸುತ್ತಿದ್ದಾರೆ. ಆಯಿಲ್ ಕ್ಯಾಪ್ ಮಾತ್ರ ಹೊಸದು, ಬೇರೆ ಯಾವುದೋ ಕಾರಿನದ್ದು. ಅದರಿಂದ ಏನೂ ತಿಳಿಯುವುದಿಲ್ಲ. ಎರಡೂ ಕಾರ್ಬಿನ ತಟ್ಟೆಯಲ್ಲಿ ಸ್ಪ್ರಿಂಗ್ ವಾಲ್ವ್ ಇದೆ.

ಸಿರುಗುಪ್ಪದ ತಮ್ಮನಿಗೆ ಒಂದು ಮಾತು. ನಿನ್ನ ಸಲಹೆ ಒಳ್ಳೆ ಮನಸ್ಸಿನದ್ದು ಅಂತ ಗೊತ್ತು. ನಾನು ದಿನಾ ಹೊಲಿಗೆ ಕೆಲಸದಲ್ಲಿ ಇರುವವಳು. ಹಳೇ ಪ್ಯಾಂಟಿನ ಹೊಲಿಗೆ ಬಿಚ್ಚಿದರೂ ಸೂಜಿ ತೂತಿನ ಸಾಲು ಉಳಿಯುತ್ತದೆ, ಅದನ್ನು ನೋಡಿ ಜೇಬು ಎಲ್ಲಿತ್ತು ಅಂತ ಹೇಳಬಹುದು. ಈ ಕಾರೂ ಹಾಗೇ ಇದೆ. ಇದರಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಇದು. ಅಮೆರಿಕದಲ್ಲಿ ಇಂಥ ಕಾರಿಗೆ ಜನ ಸಾಮಾನು ತೆಗೆದಿದ್ದಾರೆ, ಬೇರೆ ವರ್ಷದ್ದು ಸೇರಿಸಿದ್ದಾರೆ, ಒಂದು ಕಾರಿನ ಹೆಡ್ಡು ಇನ್ನೊಂದಕ್ಕೆ ಹಾಕಿದ್ದಾರೆ. ಅಲ್ಲಿ ಒಂದು ಕ್ಯಾನಿಸ್ಟರ್ ಕಂಡರೆ ಅದು ಆ ಕಾರಿನದ್ದೇ ಅಂತ ಹೇಳುವುದು ಕಷ್ಟ. ಬಳ್ಳಾರಿಯಲ್ಲಿ ಎಂಜಿಬಿ ಸಾಮಾನು ಯಾವತ್ತೂ ಸಿಕ್ಕಿಲ್ಲ. ಇಲ್ಲಿ ತೆಗೆದಿದ್ದಾರೆ ಅಷ್ಟೇ, ಸೇರಿಸಲು ಏನೂ ಇರಲಿಲ್ಲ. ಹಾಗಾಗಿ ಇದರ ಮೇಲೆ ಇವತ್ತು ಯಾವ ಗುರುತು ಉಳಿದಿದೆಯೋ ಅದು ನಂಬುವಂಥದ್ದು. ಇದನ್ನು ಕೆಡಿಸಿದರೆ ಮತ್ತೆ ಯಾರಿಗೂ ಕೇಳಲು ದಾರಿ ಇರಲ್ಲ. ಅದಕ್ಕೇ ನಾನು ಹಟ ಹಿಡಿದಿದ್ದೇನೆ.

ರಾಯಚೂರಿನ ಮೇಷ್ಟ್ರೇ, ಹುಡುಗರನ್ನು ಕರೆದುಕೊಂಡು ಖಂಡಿತ ಬನ್ನಿ. ಭಾನುವಾರ ಬಂದರೆ ನಾವೇ ಬಿಚ್ಚಿ ತೋರಿಸುತ್ತೇವೆ. ಊಟ ನಮ್ಮ ಮನೆಯಲ್ಲೇ.

ಫಾರಂ_20 (ಬಳ್ಳಾರಿ)

ಮೇಡಂ, ಕಾಗದದ ವಿಷಯ ಯಾರೂ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. 2021ರ ನಿಯಮದ ಪ್ರಕಾರ ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಬಹುದು. ಮೂಲ ರೂಪದಲ್ಲಿ ಇರಬೇಕು. ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹೊಸದಾಗಿ ಮಾಡಿಸುವವರಿಗೆ ವಿಎ ಸರಣಿಯ ನಂಬರ್, ಫೀಸು 20,000 ರೂಪಾಯಿ, 10 ವರ್ಷಕ್ಕೆ. ನಿಮ್ಮದು ಮೊದಲೇ ರಿಜಿಸ್ಟರ್ ಆಗಿರುವುದರಿಂದ ದೊಡ್ಡಪ್ಪನ ಕಾಲದ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ಮಾಡಿಸಿದ ಮೇಲೆ ದಿನಾ ಓಡಿಸುವ ಹಾಗಿಲ್ಲ. ಸ್ಟೀರಿಂಗ್ ಎಡಗಡೆ ಇರುವ ಗಾಡಿಗೆ ಸಿಗ್ನಲ್ ಸಾಧನ ಕೆಲಸ ಮಾಡುತ್ತಿರಲೇಬೇಕು ಅಂತ ಮೋಟಾರು ವಾಹನ ಕಾಯ್ದೆಯ 120ನೇ ಸೆಕ್ಷನ್ ಹೇಳುತ್ತದೆ. ಇಂಡಿಕೇಟರ್ ವೈರಿಂಗ್ ಮೊದಲು ನೋಡಿಸಿ. ಇಂಜಿನ್ ನಂಬರಿನ ತಗಡು ಇಲ್ಲ ಅಂದಿರಿ. ಹಳೇ ಆರ್‌ಸಿ ಪುಸ್ತಕ ಇದ್ದರೆ ಅದರಲ್ಲಿ ಇಂಜಿನ್ ನಂಬರ್ ಬರೆದಿರುತ್ತಾರೆ. ನೋಡಿದ್ದೀರಾ?

ಸ್ಪ್ಯಾನರ್_ಗಿಣಿಗೇರಾ (ಕೊಪ್ಪಳ)

ಫಾರಂ ಅಣ್ಣ ಹೇಳಿದ್ದು ಚಿನ್ನದಂಥ ಮಾತು. ಅಕ್ಕಾ, ಆರ್‌ಸಿ ಹುಡುಕಿ. ಗುಮಾಸ್ತರು 18ಜಿಜೆ ಅಂತ ಪೂರ್ತಿ ಬರೆದಿರಲಿ, ಬರೀ ಅಂಕಿ ಬರೆದಿರಲಿ, ಎರಡೂ ಉಪಯೋಗಕ್ಕೆ ಬರುತ್ತದೆ. ಆಮೇಲೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂಗೆ ಬರೆಯಿರಿ. ಎಂಜಿಬಿ ತಯಾರಾದ ದಾಖಲೆ ಅವರ ಹತ್ತಿರ ಇದೆ. ಚಾಸಿ ನಂಬರ್ ಕೊಟ್ಟು ಫೀಸು ಕಟ್ಟಿದರೆ ಹೆರಿಟೇಜ್ ಸರ್ಟಿಫಿಕೇಟ್ ಕೊಡುತ್ತಾರೆ. ಕಾರು ತಯಾರಾದ ದಿನ, ಬಣ್ಣ, ಯಾವ ದೇಶಕ್ಕೆ ಹೋಯಿತು, ಮೊದಲು ಕೂರಿಸಿದ ಇಂಜಿನ್ನಿನ ನಂಬರ್, ಇಷ್ಟು ಅದರಲ್ಲಿ ಬರುತ್ತದೆ. ಅಲ್ಲಿ ಇಂಜಿನ್ ನಂಬರ್ 18ಜಿಜೆ ಅಂತ ಶುರುವಾದರೆ ಮಾತು ಮುಗಿಯಿತು. ಆ ನಂಬರ್ ಆರ್‌ಸಿಯಲ್ಲಿ ಇರುವುದಕ್ಕೂ ತಾಳೆಯಾದರೆ, ಇಲ್ಲಿ ರಿಜಿಸ್ಟರ್ ಆಗುವವರೆಗೆ ಇಂಜಿನ್ ಬದಲಾಗಿರಲಿಲ್ಲ ಅನ್ನುವುದೂ ಗೊತ್ತಾಗುತ್ತದೆ.

ನೀವು ಈಗ ಹೇಳಿದ ಗುರುತು ನೋಡಿದರೆ ನನ್ನ ಮಟ್ಟಿಗೆ ಇದು ಕ್ಯಾನಿಸ್ಟರ್ ಇದ್ದ ಕಾರೇ. ಬಣ್ಣದೊಳಗಿನ ತೂತು, ಎರಡನೇ ಪೈಪ್, ಕೊರೆದ ಕ್ಯಾಪ್, ಮೂರೂ ಒಂದೇ ಕಡೆ ಕೈ ತೋರಿಸುತ್ತವೆ. ಇನ್ನೊಂದು ನೋಡುವುದು ಬಾಕಿ ಇದೆ. ಕಾರ್ಬಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು, ಅಂದರೆ ಫ್ಲೋಟ್ ಚೇಂಬರ್, ಅದರ ಮುಚ್ಚಳದ ಗಾಳಿ ಪೈಪ್ ಮಾಮೂಲಿ ಕಾರಿನಲ್ಲಿ ಕೆಳಗೆ ನೆಲದ ಕಡೆ ಇಳಿಯುತ್ತದೆ. ಕ್ಯಾನಿಸ್ಟರ್ ಕಾರಿನಲ್ಲಿ ಕ್ಯಾನಿಸ್ಟರ್ ಕಡೆ ಹೋಗುತ್ತದೆ. ಮುಚ್ಚಳದ ಫೋಟೋ ಹಾಕಿ.

ಸರ್ಟಿಫಿಕೇಟ್ ಬರುವವರೆಗೆ ಏನೂ ಕೊಳ್ಳಬೇಡಿ. ಬಂದ ಮೇಲೂ ಡಬ್ಬಿ, ಕ್ಯಾನಿಸ್ಟರ್, ಪಂಪ್ ಹಳೆಯದು ಸಿಕ್ಕರೆ ಮಾತ್ರ ತೆಗೆದುಕೊಳ್ಳಿ. 1973ರ ನಂತರದ ಮ್ಯಾನಿಫೋಲ್ಡ್ ಯಾರಾದರೂ ತೋರಿಸಿದರೆ ಬೇಡ ಅನ್ನಿ.

ಕೊನೆಗೆ ಹೆಡ್ಡಿನ ನಾಲ್ಕನೇ ಬೋಲ್ಟ್. ಆ ಕಾಲದ ಇಂಗ್ಲಿಷ್ ಕಾರಿನಲ್ಲಿ ಯುಎನ್‌ಎಫ್ ಥ್ರೆಡ್, ಇಂಚಿನ ಲೆಕ್ಕ. ಅದರಲ್ಲಿ ಮಿಲಿಮೀಟರ್ ಬೋಲ್ಟ್ ತುರುಕಿದ್ದರೆ ಮೇಸ್ತ್ರಿಗೆ ಬಲವಾಗಿ ತಿರುಗಿಸಲು ಬಿಡಬೇಡಿ, ಥ್ರೆಡ್ ಕಿತ್ತುಕೊಂಡು ಬರುತ್ತೆ. ಹೆಡ್ ಇಳಿಸಿ ಲೇಥ್ ಅಂಗಡಿಗೆ ಒಯ್ಯಿರಿ. ಬೋಲ್ಟ್ ಸುತ್ತ ಬಿಸಿ ಮಾಡಿ ನಿಧಾನ ಬಿಡಿಸಲಿ. ಉಳಿದ ಮೂರು ತೂತಿನಲ್ಲಿ ಒಂದರ ಅಳತೆ ಥ್ರೆಡ್ ಗೇಜ್ ಹಿಡಿದು ಇಲ್ಲಿ ಹಾಕಿ. ಅದೇ ಅಳತೆಯ ಟ್ಯಾಪ್ ನನ್ನ ಹತ್ತಿರ ಇದ್ದರೆ ಹೊಸಪೇಟೆ ಬಸ್ಸಿನಲ್ಲಿ ಕಳಿಸಿಕೊಡುತ್ತೇನೆ.